ಹಿಂದಿನವರಿಗೆ ಹಾಡು ಕೇಳದು, ಎದುರು ಮನೆಯವರಿಗೆ ನಿದ್ದೆ ಬಾರದು: ಪಾರ್ಕಿನ ಬೇಸಿಗೆ ಹಬ್ಬಕ್ಕೆ ಸೌಂಡ್ ಹೇಗಿರಬೇಕು?

ಪ್ರಶ್ನೆ: ನಾವು ಶಿವಮೊಗ್ಗದ ಒಂದು ಬಡಾವಣೆಯ ನಿವಾಸಿಗಳ ಸಂಘದವರು. ಪ್ರತಿ ಮೇ ತಿಂಗಳು ನಮ್ಮ ಪಾರ್ಕಿನಲ್ಲಿ ಎರಡು ಸಂಜೆ ಬೇಸಿಗೆ ಹಬ್ಬ ಮಾಡುತ್ತೇವೆ. ಮೊದಲು ಸುಗಮ ಸಂಗೀತ, ಆಮೇಲೆ ಒಂದೂವರೆ ಗಂಟೆ ಯಕ್ಷಗಾನ, ಕೊನೆಗೆ ಡೊಳ್ಳು ಕುಣಿತ. ಸುಮಾರು 500 ಜನ ಸೇರುತ್ತಾರೆ. ಪಾರ್ಕು ಪೂರ್ವ–ಪಶ್ಚಿಮವಾಗಿ 60 ಮೀಟರ್ ಉದ್ದ, 40 ಮೀಟರ್ ಅಗಲ ಇದೆ. ಸ್ಟೇಜ್ ಪಶ್ಚಿಮದ ತುದಿಯಲ್ಲಿ. ಪೂರ್ವಕ್ಕೆ ರಸ್ತೆ ದಾಟಿದರೆ ಮನೆಗಳು, ಉತ್ತರಕ್ಕೆ ನಾಲೆ, ದಕ್ಷಿಣಕ್ಕೆ ಸಮುದಾಯ ಭವನದ ಗೋಡೆ. ಕಳೆದ ವರ್ಷ ಹಾಡಿನ ಹೊತ್ತಿಗೆ ಮೈಕ್ ಪದೇ ಪದೇ ಕುಯ್ ಎಂದು ಕೂಗಿತು, ಹಿಂದೆ ಕೂತವರಿಗೆ ಸಾಹಿತ್ಯವೇ ತಿಳಿಯಲಿಲ್ಲ. ಯಕ್ಷಗಾನದಲ್ಲಿ ಚಂಡೆಯ ಅಬ್ಬರಕ್ಕೆ ಭಾಗವತರ ಪದ ಮುಚ್ಚಿಹೋಯಿತು. ಒಂದು ಮಳೆ ಬಂದು ಹೋದ ಮೇಲೆ ಗಾಯಕಿಯೊಬ್ಬರಿಗೆ ಮೈಕ್ ಮುಟ್ಟಿದಾಗ ಶಾಕ್ ಹೊಡೆಯಿತು. ಡೊಳ್ಳು ಮುಗಿಯುವಾಗ ಹತ್ತೂ ಇಪ್ಪತ್ತು, ಅಷ್ಟರಲ್ಲಿ ಎದುರು ಮನೆಯವರು ಪೊಲೀಸರನ್ನು ಕರೆಸಿದ್ದರು. ಈ ಸಲ ಇನ್ನೂ ಎರಡು ಟಾಪ್ (ಮುಖ್ಯ ಸ್ಪೀಕರ್), ನಾಲ್ಕು ಬಾಸ್ (ಕೆಳಸ್ತರದ ಶಬ್ದದ ಸ್ಪೀಕರ್) ಹಾಕಿದರೆ ಸರಿಹೋಗುತ್ತದೆ ಎಂದು ಸೌಂಡ್‌ನವರು ಹೇಳುತ್ತಿದ್ದಾರೆ. ಸುತ್ತ ಮರಗಳಿವೆ, ಶಬ್ದ ಹೊರಗೆ ಹೋಗುವುದಿಲ್ಲ ಎಂದು ನಮ್ಮ ಖಜಾಂಚಿ. ಮೈಕೇ ಬೇಡ, ಮೈಕಿಲ್ಲದಿದ್ದರೆ ಕಾನೂನಿನ ತಕರಾರೂ ಇಲ್ಲ ಎಂದು ಕೆಲವರು. ಯಾರ ಮಾತು ಕೇಳೋಣ?

ಉತ್ತರ: ನೀವು ಬರೆದ ನಾಲ್ಕು ತೊಂದರೆಗಳಲ್ಲಿ ಶಾಕ್ ಒಂದನ್ನು ಬಿಟ್ಟರೆ ಉಳಿದ ಮೂರಕ್ಕೂ ಮೂಲ ಒಂದೇ: ಸ್ಟೇಜು, ಸ್ಪೀಕರ್ ಪೆಟ್ಟಿಗೆ, ಮೈಕು ಇರಬೇಕಾದ ಜಾಗದಲ್ಲಿ ಇಲ್ಲ. ಹಾಗಾಗಿ ಹೆಚ್ಚು ಪೆಟ್ಟಿಗೆ ತರಿಸುವುದರಿಂದ ಹಿಂದಿನವರ ದೂರು ಅಲ್ಪಸ್ವಲ್ಪ ಕಡಿಮೆಯಾದೀತು, ಎದುರು ಮನೆಯವರ ದೂರು ಖಂಡಿತ ಹೆಚ್ಚುತ್ತದೆ.

ಮೊದಲು ವಾಟ್‌ನ ಲೆಕ್ಕ. ಆಂಪ್ಲಿಫೈಯರ್ ಶಕ್ತಿ ದುಪ್ಪಟ್ಟಾದರೆ ಶಬ್ದ ಹೆಚ್ಚುವುದು 3 ಡೆಸಿಬಲ್ ಮಾತ್ರ. ಕಿವಿಗೆ ‘ದುಪ್ಪಟ್ಟಾಯಿತು’ ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು, ಅದಕ್ಕೆ ಹತ್ತುಪಟ್ಟು ವಾಟ್ ಬೇಕು. ಇನ್ನೊಂದು ಕಡೆ, ಬಯಲಿನಲ್ಲಿ ದೂರ ದುಪ್ಪಟ್ಟಾದಾಗಲೆಲ್ಲ 6 ಡೆಸಿಬಲ್ ಇಳಿಯುತ್ತದೆ. ನಿಮ್ಮಲ್ಲಿ ಮುಂದಿನ ಸಾಲು ಪೆಟ್ಟಿಗೆಯಿಂದ 4 ಮೀಟರ್ ದೂರದಲ್ಲಿದ್ದು, ಹಿಂದಿನವರು ಮರದ ನೆರಳು ಹುಡುಕಿ 45 ಮೀಟರ್ ಆಚೆ ಕೂತಿದ್ದರೆ, ಇಬ್ಬರ ನಡುವಿನ ಅಂತರ 21 ಡೆಸಿಬಲ್. ಮುಂದಿನವರು ಕಿವಿ ಮುಚ್ಚಿಕೊಂಡರೂ ಹಿಂದಿನವರಿಗೆ ಸಾಲದು. ಇಂಥ ಅಂತರವನ್ನು ವಾಟ್ ಸುರಿದು ತುಂಬಲು ಆಗುವುದಿಲ್ಲ, ದೂರವನ್ನೇ ಕಡಿಮೆ ಮಾಡಬೇಕು.

ಬಾಸ್ ಪೆಟ್ಟಿಗೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ: ನಿಮಗೆ ನಾಲ್ಕೂ ಬೇಡ. ಕೆಳಸ್ತರದ ಶಬ್ದ ಪೆಟ್ಟಿಗೆಯ ಮುಂದೆ ಹೋದಷ್ಟೇ ಹಿಂದೆಯೂ ಪಕ್ಕಕ್ಕೂ ಹೋಗುತ್ತದೆ, ಕಿಟಕಿ ಮುಚ್ಚಿದರೂ ಮನೆಯೊಳಗೆ ಬರುತ್ತದೆ. ಸುಗಮ ಸಂಗೀತದಲ್ಲಿ ಅಷ್ಟು ಕೆಳಗಿನ ಸ್ವರ ಬೇಕಾಗಿರುವುದು ತಬಲಾದ ಎಡಕ್ಕೆ (ಡಗ್ಗಾಕ್ಕೆ) ಮಾತ್ರ, ಅದನ್ನು 12 ಅಥವಾ 15 ಇಂಚಿನ ಒಳ್ಳೆಯ ಟಾಪ್ ಪೆಟ್ಟಿಗೆಯೇ ಕೊಡುತ್ತದೆ. ಡೊಳ್ಳಿಗಂತೂ ಬಾಸ್ ಕೊಡಬೇಕಾದ ದುರ್ಗತಿ ಯಾವ ಪಾರ್ಕಿಗೂ ಬಂದಿಲ್ಲ.

ಖಜಾಂಚಿಯವರ ಮರಗಳ ಮಾತು ಬಹಳ ಜನ ನಂಬುವ ಮಾತು. ಎಲೆಗಳು ತಡೆಯುವುದು ಚುರುಕಾದ ಮೇಲುಸ್ವರವನ್ನು, ಅದೂ ಸ್ವಲ್ಪ. ಬೇಲಿಯ ಉದ್ದಕ್ಕೆ ಒಂದೆರಡು ಸಾಲು ಮರ ಇದ್ದರೆ ಅಳತೆಗೆ ಸಿಗುವಷ್ಟೂ ವ್ಯತ್ಯಾಸವಾಗುವುದಿಲ್ಲ. ಹತ್ತಾರು ಮೀಟರ್ ದಪ್ಪದ ದಟ್ಟ ಕಾಡಿದ್ದರೆ ಕೆಲವು ಡೆಸಿಬಲ್ ಇಳಿದೀತು. ಮರ ಕಣ್ಣಿಗೆ ಮನೆಗಳನ್ನು ಮರೆಮಾಡುತ್ತದೆ, ಆದ್ದರಿಂದ ಕಿವಿಗೂ ಮರೆಮಾಡಿತು ಅನ್ನಿಸುತ್ತದೆ. ದಕ್ಷಿಣದ ಸಮುದಾಯ ಭವನದ ಗೋಡೆಯೇ ನಿಮಗೆ ನಿಜವಾದ ತಡೆ. ಅದನ್ನು ಬಳಸಿಕೊಳ್ಳೋಣ.

ಸ್ಟೇಜ್ ತಿರುಗಿಸಿ

ಸ್ಟೇಜನ್ನು ದಕ್ಷಿಣದ ಉದ್ದ ಬದಿಯ ನಡುವಿಗೆ ತನ್ನಿ, ಗೋಡೆಯಿಂದ 3 ಮೀಟರ್ ಮುಂದೆ, ಮುಖ ಉತ್ತರಕ್ಕೆ. ಆಗ ಪೆಟ್ಟಿಗೆಗಳು ನೋಡುವುದು ನಾಲೆಯ ಕಡೆ. ಪೂರ್ವದ ಮನೆಗಳು ಪೆಟ್ಟಿಗೆಯ ಪಕ್ಕಕ್ಕೆ ಬೀಳುತ್ತವೆ, ಅಲ್ಲಿಗೆ ಹೋಗುವ ನಡು ಮತ್ತು ಮೇಲುಸ್ವರ ಸಾಕಷ್ಟು ಕಡಿಮೆಯಾಗುತ್ತದೆ. 500 ಜನ ಕೂರಲು 350 ಚದರ ಮೀಟರ್ ಸಾಕು. 25 ಮೀಟರ್ ಅಗಲಕ್ಕೆ ಹರಡಿದರೆ ಆಳ 15 ಮೀಟರ್, ದಾರಿ ಬಿಟ್ಟರೂ 20 ದಾಟದು. ನಾಲೆಯ ಆಚೆ ಮನೆಗಳಿದ್ದರೆ ಅವು ಎಷ್ಟು ದೂರ ಎಂದು ಮಾತ್ರ ಮೊದಲೇ ನಡೆದು ನೋಡಿ.

ಬಿಸಿಲಿನ ದೃಷ್ಟಿಯಿಂದಲೂ ಇದೇ ಸರಿ. ಮೇ ತಿಂಗಳಲ್ಲಿ ಇಲ್ಲಿ ಸೂರ್ಯ ಮುಳುಗುವುದು ಏಳು ಗಂಟೆಗೆ ಹತ್ತಿರ. ಪಶ್ಚಿಮದ ಸ್ಟೇಜ್ ಆದರೆ ಅಲ್ಲಿಯವರೆಗೆ ಪ್ರೇಕ್ಷಕರ ಕಣ್ಣಿಗೇ ಬಿಸಿಲು.

ಪೆಟ್ಟಿಗೆಗಳನ್ನು ಸ್ಟೇಜಿನ ಎರಡು ಬದಿಗೆ, ತಲೆಗಳಿಗಿಂತ ಮೇಲೆ, 3 ಮೀಟರ್ ಎತ್ತರದಲ್ಲಿ ಇಟ್ಟು ಹಿಂದಿನ ಸಾಲಿನ ಕಡೆಗೆ ಸ್ವಲ್ಪ ಬಗ್ಗಿಸಿ. ನೆಲದ ಮೇಲೆ ಇಟ್ಟ ಪೆಟ್ಟಿಗೆಯ ಶಬ್ದವನ್ನು ಮೊದಲ ಎರಡು ಸಾಲಿನ ಮೈಗಳೇ ನುಂಗುತ್ತವೆ. ಸ್ಟೇಜಿನಿಂದ 15 ಮೀಟರ್ ದೂರದಲ್ಲಿ, ಎಡಬಲಕ್ಕೆ ಎರಡು ಸಣ್ಣ ಪೆಟ್ಟಿಗೆ ಇಡಿ, ಅವೂ ಉತ್ತರಕ್ಕೇ ಮುಖ ಮಾಡಿರಲಿ. ಇವುಗಳಿಗೆ ಮಿಕ್ಸರಿನಲ್ಲಿ ಡಿಲೇ ಕೊಡಬೇಕು, ಅಂದರೆ ಶಬ್ದವನ್ನು ತುಸು ತಡಮಾಡಿ ಬಿಡಬೇಕು. ಕೊಡದಿದ್ದರೆ ಹಿಂದಿನವರಿಗೆ ಹತ್ತಿರದ ಪೆಟ್ಟಿಗೆಯ ಮಾತು ಮೊದಲು, ಸ್ಟೇಜಿನದ್ದು ಆಮೇಲೆ ಬಂದು ಒಂದೊಂದು ಅಕ್ಷರವೂ ಎರಡೆರಡಾಗುತ್ತದೆ. ಲೆಕ್ಕ ಸರಳ: 28 ಡಿಗ್ರಿ ಸೆಖೆಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 348 ಮೀಟರ್ ಹೋಗುತ್ತದೆ, 15 ಮೀಟರಿಗೆ 43 ಮಿಲಿಸೆಕೆಂಡ್. ಅದಕ್ಕೆ ಇನ್ನು 10 ಸೇರಿಸಿ 53 ಇಡಿ. ಆ ಹತ್ತರಿಂದಾಗಿ ಕಿವಿಗೆ ಹಾಡು ಸ್ಟೇಜಿನಿಂದಲೇ ಬಂದಂತೆ ಕೇಳುತ್ತದೆ, ಹಿಂದಿನ ಪೆಟ್ಟಿಗೆ ಇದೆ ಎಂಬುದೇ ಗೊತ್ತಾಗುವುದಿಲ್ಲ. ಈಗಿನ ಸಣ್ಣ ಡಿಜಿಟಲ್ ಮಿಕ್ಸರುಗಳಲ್ಲಿ ಈ ಸೌಲಭ್ಯ ಸಾಮಾನ್ಯ. ನಿಮ್ಮ ಸೌಂಡ್‌ನವರ ಬಳಿ ಅನಲಾಗ್ ಮಿಕ್ಸರ್ ಮಾತ್ರ ಇದ್ದರೆ ಬಾಸ್ ಪೆಟ್ಟಿಗೆಗೆ ಕೊಡುವ ಬಾಡಿಗೆಯನ್ನು ಡಿಜಿಟಲ್ ಮಿಕ್ಸರಿಗೆ ಕೊಡಿ.

ಮೈಕ್ ಯಾಕೆ ಕೂಗುತ್ತದೆ

ಪೆಟ್ಟಿಗೆಯಿಂದ ಹೊರಟ ಶಬ್ದ ಮತ್ತೆ ಅದೇ ಮೈಕಿಗೆ ಸೇರಿ, ಪುನಃ ಪೆಟ್ಟಿಗೆಗೆ ಹೋಗಿ, ಸುತ್ತು ಬೆಳೆಯುತ್ತಾ ಹೋದರೆ ಅದೇ ಕೂಗು. ಮೈಕ್ ಹಾಳಾಗಿದೆ ಎಂದು ಬದಲಾಯಿಸಿ ಪ್ರಯೋಜನವಿಲ್ಲ. ಮುಖ್ಯ ಕಾರಣ, ಗಾಯಕರು ಮೈಕಿನಿಂದ ದೂರ ನಿಲ್ಲುವುದು. ಬಾಯಿಂದ 5 ಸೆಂಟಿಮೀಟರ್ ಇದ್ದ ಮೈಕ್ 20 ಸೆಂಟಿಮೀಟರ್ ಆದರೆ 12 ಡೆಸಿಬಲ್ ಹೋಯಿತು. ಸೌಂಡ್‌ನವರು ಅಷ್ಟನ್ನೂ ಗುಂಡಿ ತಿರುಗಿಸಿ ತುಂಬುತ್ತಾರೆ, ಕೂಗು ಶುರು. ಜಾಲರಿಯ ಗುಂಡನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯುವುದು ಇನ್ನೊಂದು ಚಾಳಿ. ಮೈಕಿನ ಹಿಂಬದಿಯ ರಂಧ್ರ ಮುಚ್ಚಿದರೆ ಅದು ಎಲ್ಲ ಕಡೆಯಿಂದಲೂ ಶಬ್ದ ಹಿಡಿಯತೊಡಗುತ್ತದೆ. ಮಕ್ಕಳ ಕಾರ್ಯಕ್ರಮವಿದ್ದರೆ ಹಿಡಿ ಎಲ್ಲಿ ಹಿಡಿಯಬೇಕು ಎಂದು ಬಿಳಿ ಟೇಪ್ ಸುತ್ತಿ ತೋರಿಸಿ.

ಮೂರನೆಯದು ತೆರೆದ ಮೈಕುಗಳ ಸಂಖ್ಯೆ. ತೆರೆದ ಮೈಕು ದುಪ್ಪಟ್ಟಾದಾಗಲೆಲ್ಲ ಕೂಗುವ ಮೊದಲು ಏರಿಸಬಹುದಾದ ಮಟ್ಟ 3 ಡೆಸಿಬಲ್ ಇಳಿಯುತ್ತದೆ. ಎಂಟು ಮೈಕ್ ತೆರೆದಿಟ್ಟರೆ ಒಂದೇ ಮೈಕಿಗಿಂತ 9 ಡೆಸಿಬಲ್ ಕಡಿಮೆ. ಹಾಡದವರ ಮೈಕು ಮುಚ್ಚಿರಲಿ, ನಿರೂಪಕರದ್ದೂ ಸೇರಿ. ಗಾಯಕರಿಗೆ ತಮ್ಮ ಹಾಡು ಕೇಳಲೆಂದು ಮುಂದೆ ಇಡುವ ಮಾನಿಟರ್ ಪೆಟ್ಟಿಗೆ ಮೈಕಿನ ನೇರ ಬೆನ್ನಿಗೆ ಬರಬೇಕು. ಮೈಕ್ ಸೂಪರ್‌ಕಾರ್ಡಿಯಾಯ್ಡ್ ಜಾತಿಯದಾದರೆ (ನೇರ ಬೆನ್ನಿನಿಂದಲೂ ಸ್ವಲ್ಪ ಶಬ್ದ ಹಿಡಿಯುವಂಥದ್ದು) ಬೆನ್ನಿಗೆ ಇಡಬಾರದು, ಹಿಂದಿನ ಎಡ ಅಥವಾ ಬಲ ಮೂಲೆಗೆ, ಸುಮಾರು 125 ಡಿಗ್ರಿಗೆ ಇಡಬೇಕು. ಯಾವ ಜಾತಿ ಎಂಬುದು ಕೆಲವು ಮೈಕುಗಳ ಮೇಲೆಯೇ ಚಿಹ್ನೆಯಲ್ಲಿರುತ್ತದೆ, ಇಲ್ಲದಿದ್ದರೆ ಸೌಂಡ್‌ನವರನ್ನು ಕೇಳಿ. ಹಾಡಿನ ಎಲ್ಲ ಮೈಕಿಗೂ 100 ಹರ್ಟ್ಜ್‌ನಲ್ಲಿ ಲೋ ಕಟ್ (ಅದಕ್ಕಿಂತ ಕೆಳಗಿನ ಶಬ್ದವನ್ನು ಕತ್ತರಿಸುವ ಗುಂಡಿ) ಹಾಕಿ. ಗಾಳಿಯ ಗುರ್ ಮತ್ತು ಪ್ಲೈವುಡ್ ಸ್ಟೇಜಿನ ಧಡ್ ಎರಡೂ ಅಲ್ಲೇ ನಿಲ್ಲುತ್ತವೆ. ಫೋಮ್ ಟೋಪಿಯನ್ನೂ ಹಾಕಿ.

ಚಂಡೆ ಮತ್ತು ಭಾಗವತರು

ಚಂಡೆ ಜೋರಾಯಿತು ಎಂದು ಚಂಡೆಯ ಮೈಕ್ ತಗ್ಗಿಸಿರುತ್ತೀರಿ, ಆದರೂ ತಗ್ಗಿರಲಿಕ್ಕಿಲ್ಲ. ಏಕೆಂದರೆ ಜನರಿಗೆ ಕೇಳುತ್ತಿದ್ದ ಚಂಡೆ ಬರುತ್ತಿದ್ದುದು ಭಾಗವತರ ಮೈಕಿನಿಂದ. ಪದ ಕೇಳಲಿ ಎಂದು ಭಾಗವತರನ್ನು ಏರಿಸಿದಷ್ಟೂ ಚಂಡೆಯೂ ಏರುತ್ತದೆ. 500 ಜನರ ಬಯಲಿಗೆ ಚಂಡೆಗೆ ಮೈಕೇ ಬೇಕಾಗಿಲ್ಲ. ಚಂಡೆಯವರು ಭಾಗವತರಿಂದ 2 ಮೀಟರಿಗಿಂತ ಹೆಚ್ಚು ದೂರ ನಿಲ್ಲಲಿ, ಭಾಗವತರ ಮೈಕಿನ ಬೆನ್ನು ಚಂಡೆಯ ಕಡೆ ತಿರುಗಿರಲಿ, ಮೈಕ್ ಬಾಯಿಗೆ ಒಂದು ಗೇಣಿಗಿಂತ ಹತ್ತಿರವಿರಲಿ. ಹಿಮ್ಮೇಳದವರಿಗೆ ಪರಸ್ಪರ ಕಣ್ಣು ಕೂಡಬೇಕು, ಏಟು ಕೂಡುವುದು ಅಲ್ಲಿಂದಲೇ. ಆದ್ದರಿಂದ ಈ ಜಾಗ ಬದಲಾವಣೆಯನ್ನು ಅವರನ್ನು ಕೇಳಿಯೇ ಮಾಡಿ, ಒಂದು ಪರದೆಯನ್ನೋ ಹಲಗೆಯನ್ನೋ ನಡುವೆ ನಿಲ್ಲಿಸುವ ಉಪಾಯ ಮಾಡಬೇಡಿ. ಮದ್ದಳೆಗೆ ಒಂದು ಮೈಕ್ ಬೇಕು, ಅದರ ನಾದ ಮೃದು. ಶ್ರುತಿಪೆಟ್ಟಿಗೆ ಎಲೆಕ್ಟ್ರಾನಿಕ್ ಆದರೆ ನೇರ ವೈರ್ ಕೊಡಿ, ಭಾಗವತರಿಗೆ ಅದು ಸದಾ ಕೇಳುತ್ತಿರಬೇಕು.

ಅರ್ಥಗಾರಿಕೆಗೆ, ಅಂದರೆ ವೇಷಧಾರಿಗಳ ಮಾತಿಗೆ, ಏನು ಮಾಡುವುದು? ಕಾಲರ್ ಮೈಕ್ ಹಾಕಿದರೆ ವೇಷದ ಎದೆಪದಕ, ಮಣಿಸರ ತಾಗಿ ಕರಕರ ಅನ್ನುತ್ತದೆ, ಕುಣಿತದ ಬೆವರಿಗೆ ಅರ್ಧದಲ್ಲೇ ಕೈಕೊಡುತ್ತದೆ. ತೂಗುಬಿಟ್ಟ ಮೈಕುಗಳು ವಾಡಿಕೆಯಲ್ಲಿವೆ, ಎರಡಕ್ಕಿಂತ ಹೆಚ್ಚು ಬೇಡ, ಯಾವಾಗಲೂ ಒಂದನ್ನೇ ತೆರೆದಿಟ್ಟು ಮಾತಾಡುವ ವೇಷದ ಕಡೆಯದನ್ನು ಏರಿಸುತ್ತಾ ಹೋಗಬೇಕು. ಇದಕ್ಕೆ ಪ್ರಸಂಗ ಬಲ್ಲ ಒಬ್ಬರು ಮಿಕ್ಸರ್ ಪಕ್ಕ ಕೂರಬೇಕು: ಈಗ ಪದ, ಈಗ ಅರ್ಥ, ಈಗ ಬರೀ ಕುಣಿತ ಎಂದು ಹೇಳಲು. ಸೌಂಡ್‌ನವರ ತಪ್ಪೆಂದು ನಾವು ಬೈಯುವ ಅರ್ಧ ಸಂಗತಿಗಳು ಮುಂದೆ ಏನು ಬರುತ್ತದೆಂದು ಅವರಿಗೆ ಗೊತ್ತಿಲ್ಲದ್ದರಿಂದ ಆಗುವಂಥವು.

ಡೊಳ್ಳನ್ನು ಮೊದಲಿಗೆ ತನ್ನಿ

ಕಾರ್ಯಕ್ರಮದ ಕ್ರಮ ತಿರುಗಿಸುವುದೇ ನೀವು ಬಿಡಿಗಾಸಿಲ್ಲದೆ ಮಾಡಬಹುದಾದ ದೊಡ್ಡ ಸುಧಾರಣೆ. ಡೊಳ್ಳು 6:30ಕ್ಕೆ, ಸ್ಟೇಜಿನ ಮೇಲಲ್ಲ, ನೆಲದ ಮೇಲೆ, ಜನ ಸುತ್ತ ನಿಂತು ನೋಡುವಂತೆ. ಹನ್ನೆರಡು ಹದಿನಾಲ್ಕು ಜನರ ತಂಡಕ್ಕೆ 10 ಮೀಟರ್ ಚೌಕ ಬೇಕು. ಟೊಳ್ಳು ಪ್ಲೈವುಡ್ ಸ್ಟೇಜಿನ ಮೇಲೆ ಅಷ್ಟು ಮಂದಿ ಒಂದೇ ಹೆಜ್ಜೆಗೆ ಹಾರಿದರೆ ಹಲಗೆಯೂ ಜೊತೆಗೆ ಬಡಿಯುತ್ತದೆ, ಕೀಲುಗಳೂ ಸಡಿಲವಾಗುತ್ತವೆ. ಮೈಕ್ ಒಂದೂ ಬೇಡ. ಮುಗಿದ ಮೇಲೆ 15 ನಿಮಿಷ ಬಿಡುವು ಕೊಡಿ. ಜೋರು ಶಬ್ದ ಕೇಳಿದ ಕಿವಿ ಸ್ವಲ್ಪ ಹೊತ್ತು ಮಂದವಾಗಿರುತ್ತದೆ, ತಕ್ಷಣ ಭಾವಗೀತೆ ಶುರುಮಾಡಿದರೆ ‘ಸೌಂಡ್ ಜಾಸ್ತಿ ಮಾಡಿ’ ಎಂಬ ಕೂಗು ಏಳುತ್ತದೆ. ಎಳೆಮಕ್ಕಳನ್ನು ಎತ್ತಿಕೊಂಡವರು ಡೊಳ್ಳಿನ ಪಕ್ಕದಲ್ಲೇ ನಿಲ್ಲದಂತೆ ಹಗ್ಗ ಕಟ್ಟಿ.

ನೆಲದ ತಯಾರಿ: ಬರಿಗಾಲಿನ ಕುಣಿತವಾದ್ದರಿಂದ ಬೆಳಿಗ್ಗೆಯೇ ಮುಳ್ಳು, ಗಾಜು, ಶಾಮಿಯಾನದ ಮೊಳೆ, ನೀರು ಚಿಮ್ಮಿಸುವ ಪೈಪಿನ ತುದಿ ಎಲ್ಲ ನೋಡಿ. ಧೂಳಿಗೆ ನೀರು ಹಾಕುವುದಾದರೆ ಮಧ್ಯಾಹ್ನ ಮೂರರೊಳಗೆ ತೆಳುವಾಗಿ ಹಾಕಿ ಮುಗಿಸಿ. ಮಳೆ ಬಿದ್ದು ನೆಲ ಜಾರುತ್ತಿದ್ದರೆ ಹೆಗಲ ಮೇಲೆ ಹೆಗಲೇರಿ ಬಾರಿಸುವ ಗೋಪುರವನ್ನು ಕೈಬಿಡುವಂತೆ ನೀವೇ ಹೇಳಬೇಕು, ತಂಡದವರು ಸಾಮಾನ್ಯವಾಗಿ ಸಂಕೋಚಕ್ಕೆ ಹೇಳುವುದಿಲ್ಲ.

ತೇವಕ್ಕೆ ಡೊಳ್ಳಿನ ಚರ್ಮ ಸಡಿಲಾಗಿ ನಾದ ‘ಧಂ’ನಿಂದ ‘ಥಪ್’ಗೆ ಇಳಿಯುತ್ತದೆ. ಬೆಂಕಿಯಲ್ಲಿ ಕಾಯಿಸುವುದು ವಾಡಿಕೆ. ಹುಲ್ಲಿನ ಮೇಲೆ ಬೆಂಕಿ ಬೇಡ, ಕಬ್ಬಿಣದ ಬಾಣಲೆಯಲ್ಲಿ ಇದ್ದಿಲು ಕೆಂಡ ಇಟ್ಟುಕೊಡಿ. ಡೊಳ್ಳನ್ನು ಮೊಳಕ್ಕಿಂತ ಹತ್ತಿರ ತರದೆ, ತಿರುಗಿಸುತ್ತಾ, ಎರಡೂ ಮುಖಕ್ಕೆ ಸಮವಾಗಿ ಕಾವು ಕೊಡಬೇಕು. ಒಂದೇ ಕಡೆ ಹೆಚ್ಚು ಕಾದರೆ ಚರ್ಮ ಸೀಳುತ್ತದೆ. ಮದ್ದಳೆಯನ್ನು ಮಾತ್ರ ಕೆಂಡದ ಹತ್ತಿರ ಬಿಡಬೇಡಿ, ಅದರ ಮುಖದ ಕಪ್ಪು ಲೇಪ (ಕರಣೆ) ಬಿರುಕು ಬಿಡುತ್ತದೆ.

ರಾತ್ರಿ ಹತ್ತು ಮತ್ತು ಕಾನೂನು

‘ಮೈಕಿಲ್ಲದಿದ್ದರೆ ಕಾನೂನಿಲ್ಲ’ ಎಂಬುದು ತಪ್ಪು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕದಂತೆಯೇ ವಾದ್ಯಗಳನ್ನೂ ನುಡಿಸುವಂತಿಲ್ಲ. ಹತ್ತಕ್ಕೆ ಮೊದಲು ಕೂಡ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಿಗೆ 12ರವರೆಗೆ ರಿಯಾಯಿತಿ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ, ಆದರೆ ಅದು ವರ್ಷಕ್ಕೆ 15 ದಿನ ಮೀರದಂತೆ, ಬಡಾವಣೆಯ ಸಂಘ ಅದನ್ನು ತನಗೆ ತಾನೇ ಅನ್ವಯಿಸಿಕೊಳ್ಳುವ ಹಾಗಿಲ್ಲ. ವಸತಿ ಪ್ರದೇಶದ ಹಗಲಿನ ಮಿತಿ 55 ಡೆಸಿಬಲ್. ಸಾರ್ವಜನಿಕ ಜಾಗದ ಗಡಿಯಲ್ಲಿ ಅದಕ್ಕಿಂತ 10 ಹೆಚ್ಚು ಅಥವಾ 75, ಇವೆರಡರಲ್ಲಿ ಕಡಿಮೆಯದು, ಅಂದರೆ ನಿಮಗೆ 65. ಡೊಳ್ಳಿನ ತಂಡ ಇದನ್ನು ಸುಲಭವಾಗಿ ದಾಟುತ್ತದೆ. ಆದ್ದರಿಂದಲೇ ಅದು ಸಂಜೆಗೆ, 25 ನಿಮಿಷಕ್ಕೆ, ಪಶ್ಚಿಮದ ಅರ್ಧದಲ್ಲಿ ಇರಲಿ ಎನ್ನುವುದು. ಹತ್ತಿರ ಆಸ್ಪತ್ರೆ, ಶಾಲೆ ಇದ್ದರೆ ಆ ಜಾಗ ನಿಶ್ಶಬ್ದ ವಲಯವೆಂದು ಘೋಷಿತವಾಗಿದೆಯೇ ಎಂದು ಅನುಮತಿ ಪಡೆಯುವಾಗಲೇ ಠಾಣೆಯಲ್ಲಿ ಕೇಳಿ.

ಎದುರು ಮನೆಯವರ ದೂರು ರಾತ್ರಿಯೇ ಏಕೆ ಏರುತ್ತದೆ ಎಂಬುದಕ್ಕೆ ಬರೀ ನಿದ್ದೆ ಕಾರಣವಲ್ಲ. ಸಂಜೆ ಐದಕ್ಕೆ ನೆಲ ಕಾದಿರುತ್ತದೆ, ನೆಲದ ಬಳಿಯ ಗಾಳಿ ಮೇಲಿನದಕ್ಕಿಂತ ಬಿಸಿ. ಬಿಸಿಗಾಳಿಯಲ್ಲಿ ಶಬ್ದಕ್ಕೆ ವೇಗ ಹೆಚ್ಚು, ಆದ್ದರಿಂದ ಅಲೆ ಮೇಲಕ್ಕೆ ಬಾಗಿ ಆಕಾಶಕ್ಕೆ ಹೋಗುತ್ತದೆ. ಕತ್ತಲಾಗಿ ಆಕಾಶ ತಿಳಿಯಾಗಿದ್ದರೆ ನೆಲ ಬೇಗ ತಣಿದು ಇದು ತಲೆಕೆಳಗಾಗುತ್ತದೆ, ಶಬ್ದ ಕೆಳಕ್ಕೆ ಬಾಗಿ ಎರಡು ಮೂರು ಬೀದಿ ಆಚೆಗೂ ಇಳಿಯುತ್ತದೆ. ಅಷ್ಟು ಹೊತ್ತಿಗೆ ರಸ್ತೆಯ ಸದ್ದೂ ನಿಂತಿರುತ್ತದೆ. ಪಾರ್ಕಿನೊಳಗಿನ 20 ಮೀಟರಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಹಾಗಾಗಿ ಸಂಜೆ ನಾಲ್ಕಕ್ಕೆ ಸೌಂಡ್ ಚೆಕ್ ಮಾಡಿ ಇಟ್ಟ ಮಟ್ಟವನ್ನು ರಾತ್ರಿಯವರೆಗೆ ಹಾಗೇ ಬಿಡುವುದು ತಪ್ಪು. ಎಂಟು ಗಂಟೆಗೆ ಸಂಘದ ಒಬ್ಬರು ಪೂರ್ವದ ಗೇಟಿಗೆ ನಡೆದು ಹೋಗಿ ಕೇಳಲಿ, ಮಿಕ್ಸರಿನ ಮಾಸ್ಟರ್ (ಒಟ್ಟು ಶಬ್ದದ ಮಟ್ಟ) 3–4 ಡೆಸಿಬಲ್ ಇಳಿಸಿದರೂ ಕೂತವರಿಗೆ ಕೊರತೆಯಾಗದು. ಮೊಬೈಲಿನ ಡೆಸಿಬಲ್ ಆ್ಯಪ್ ಕೋರ್ಟಿಗೆ ನಿಲ್ಲುವಂಥದ್ದಲ್ಲ, ನಿನ್ನೆಗೂ ಇವತ್ತಿಗೂ ಹೋಲಿಸಲು ಸಾಕು.

ಶಾಕ್ ಮತ್ತು ಸಿಡಿಲು

ಇದರಲ್ಲಿ ರಾಜಿಯಿಲ್ಲ. ಮೈಕಿನ ಲೋಹ ಮುಟ್ಟಿ ಶಾಕ್ ಹೊಡೆದಿದೆ ಎಂದರೆ ಎಲ್ಲೋ ಅರ್ಥಿಂಗ್ ತಪ್ಪಿದೆ, ಅಥವಾ ಕೀಬೋರ್ಡಿಗೂ ಸೌಂಡಿಗೂ ಬೇರೆ ಬೇರೆ ಕಡೆಯಿಂದ ಕರೆಂಟ್ ತೆಗೆದಿದ್ದಾರೆ. ಗುಂಯ್ ಸದ್ದು ಹೋಗಲಿ ಎಂದು ಪ್ಲಗ್ಗಿನ ಅರ್ಥ್ ಪಿನ್ ಮುರಿಯುವ ಅಭ್ಯಾಸ ಇಂದಿಗೂ ಇದೆ, ಅದನ್ನು ಕಂಡರೆ ಕಾರ್ಯಕ್ರಮ ಶುರುಮಾಡಲು ಬಿಡಬೇಡಿ. ಆ ಸದ್ದು ತಡೆಯಲು, ವಾದ್ಯಕ್ಕೂ ಮಿಕ್ಸರಿಗೂ ನಡುವೆ ಹಾಕುವ ಡಿಐ ಬಾಕ್ಸ್ ಎಂಬ ಸಣ್ಣ ಸಾಧನ ಇದೆ. ಸ್ಟೇಜಿನ ಎಲ್ಲ ಪ್ಲಗ್ಗುಗಳೂ ಒಂದೇ ಡಿಸ್ಟ್ರಿಬ್ಯೂಷನ್ ಬೋರ್ಡಿನಿಂದ, 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಮೂಲಕ ಬರಲಿ. ಕಾರ್ಯಕ್ರಮಕ್ಕೆ ಮೊದಲು ಅದರ ಟೆಸ್ಟ್ ಗುಂಡಿ ಒತ್ತಿ ಬೀಳುತ್ತದೆಯೇ ನೋಡಿ. ಜಾಯಿಂಟ್‌ಗಳು ಹುಲ್ಲಿನ ಮೇಲೆ ಬೇಡ, ಒಂದು ಅಡಿ ಎತ್ತರಕ್ಕೆ ಕಟ್ಟಿ. ಮೆಸ್ಕಾಂನ ತಾತ್ಕಾಲಿಕ ಸಂಪರ್ಕಕ್ಕೆ ಮೊದಲೇ ಅರ್ಜಿ ಹಾಕಿ, ಪಕ್ಕದ ಮನೆಯಿಂದ ಎಳೆಯುವ ವೈರ್ ಬೇಡ. ಜನರೇಟರ್ ಆದರೆ ಈ ಗಾತ್ರಕ್ಕೆ, ಎಲ್‌ಇಡಿ ದೀಪ ಸೇರಿ, 10 ಕೆವಿಎ ಸಾಕು. ಅದಕ್ಕೂ ನೆಲಕ್ಕೆ ಹೊಡೆದ ಸರಿಯಾದ ಅರ್ಥ್ ಸರಳು ಬೇಕು.

ಮೇ ತಿಂಗಳ ಮಲೆನಾಡಿನ ಮಳೆ ಮಧ್ಯಾಹ್ನದ ನಂತರ ಗುಡುಗು ಗಾಳಿಯೊಂದಿಗೆ ಬರುವ ಮಳೆ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರಿನೊಳಗಿದೆ, ಅಲ್ಲಿಗೆ ನಿಲ್ಲಿಸಿ. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ. ಜನ ಮರದಡಿಗೂ ಕಬ್ಬಿಣದ ಪೆಂಡಾಲಿನಡಿಗೂ ಓಡದಂತೆ ಸಮುದಾಯ ಭವನದ ಬಾಗಿಲು ಮೊದಲೇ ತೆರೆದಿಟ್ಟಿರಿ. ಸಿಡಿಲಿನ ಎಚ್ಚರಿಕೆ ಕೊಡುವ ದಾಮಿನಿ ಆ್ಯಪ್ ಒಬ್ಬರ ಕೈಯಲ್ಲಿರಲಿ. ಸ್ಟೇಜಿನ ಹಿಂದಿನ ಫ್ಲೆಕ್ಸ್ ಬ್ಯಾನರ್ ಗಾಳಿಗೆ ಹಾಯಿಯಾಗಿ ಚೌಕಟ್ಟನ್ನೇ ಎಳೆದು ಬೀಳಿಸಬಲ್ಲದು. ಜಾಲರಿ ಬಟ್ಟೆ ಹಾಕಿ, ಇಲ್ಲವೇ ಗಾಳಿ ಎದ್ದ ಕೂಡಲೇ ಕತ್ತರಿಸುವಂತೆ ಹಗ್ಗದಲ್ಲಿ ಕಟ್ಟಿ. 3 ಮೀಟರ್ ಎತ್ತರದ ಪೆಟ್ಟಿಗೆಗಳ ಸ್ಟ್ಯಾಂಡಿನ ಕಾಲಿಗೆ ಮರಳು ಚೀಲ ಹಾಕುವುದನ್ನು ಮರೆಯಬೇಡಿ.

ಯಾವುದನ್ನು ಆರಿಸಿಕೊಳ್ಳಬೇಕು

ಮೈಕೇ ಇಲ್ಲದ ಹಬ್ಬ ಡೊಳ್ಳು, ಕೋಲಾಟ, ಅಂಟಿಗೆ–ಪಂಟಿಗೆಯಂಥವಕ್ಕೆ ಚೆನ್ನ. ಜನ 150 ಮೀರದೆ, ಅರ್ಧಚಂದ್ರಾಕಾರವಾಗಿ ಹತ್ತಿರ ಕೂತರೆ ಗಮಕವೂ ಆದೀತು. 500 ಜನರ ನಡುವೆ, ಕಡಲೆಕಾಯಿ ಸಿಪ್ಪೆಯ ಸದ್ದಿನಲ್ಲಿ ಗಾಯಕರನ್ನು ಮೈಕಿಲ್ಲದೆ ನಿಲ್ಲಿಸಿದರೆ ಅವರ ಗಂಟಲು ಹೋಗುತ್ತದೆ, ಹಾಡೂ ಹೋಗುತ್ತದೆ. ಕುವೆಂಪು ರಂಗಮಂದಿರದಂಥ ಸಭಾಂಗಣಕ್ಕೆ ಹೋದರೆ ಮಳೆ, ನೆರೆಮನೆ ಎರಡರ ಚಿಂತೆಯೂ ಇಲ್ಲ, ಆದರೆ ಸುಮ್ಮನೆ ವಾಕಿಂಗಿಗೆ ಬಂದು ನಿಂತು ನೋಡುವ ಅರ್ಧ ಜನ ಬರುವುದಿಲ್ಲ. ನಿಮ್ಮ ಪಾರ್ಕಿಗೆ ನಾನು ಹೇಳುವುದು: ಡೊಳ್ಳು ನೆಲದಲ್ಲಿ ಮೈಕಿಲ್ಲದೆ 6:30ಕ್ಕೆ, 7:10ಕ್ಕೆ ಹಾಡು, 8:10ರಿಂದ 9:40 ಯಕ್ಷಗಾನ, ಎರಡು ದೊಡ್ಡ, ಎರಡು ಸಣ್ಣ ಪೆಟ್ಟಿಗೆ. ಗಣ್ಯರ ಭಾಷಣ ಇದ್ದರೆ ಡೊಳ್ಳಿನ ನಂತರದ ಆ 15 ನಿಮಿಷದಲ್ಲಿ ಮುಗಿಸಿ. ಹತ್ತರ ಗಡಿ ದಾಟಿಸುವುದು ಸಾಮಾನ್ಯವಾಗಿ ಕಲಾವಿದರಲ್ಲ, ಸನ್ಮಾನಗಳು.

ಈ ವಾರವೇ ಮಾಡಬೇಕಾದ ಕೆಲಸ ಒಂದಿದೆ. ಯಕ್ಷಗಾನ ತಂಡಕ್ಕೂ ಹಾಡಿನ ತಂಡಕ್ಕೂ ಫೋನ್ ಮಾಡಿ ಎಷ್ಟು ಜನ, ಯಾವ ಯಾವ ವಾದ್ಯ, ಕೂತು ನುಡಿಸುತ್ತಾರೋ ನಿಂತೋ, ಯಾವುದಕ್ಕೆ ಪ್ಲಗ್ ಬೇಕು ಎಂದು ಬರೆದುಕೊಂಡು, ಸ್ಟೇಜಿನ ಒಂದು ಚಿತ್ರ ಗೀಚಿ ಸೌಂಡ್‌ನವರಿಗೆ ಕಳಿಸಿ. ‘ನಾಲ್ಕು ಮೈಕ್ ಬೇಕು’ ಎಂದಷ್ಟೇ ಹೇಳಿದರೆ ಅವರು ನಾಲ್ಕು ಮೈಕ್ ತರುತ್ತಾರೆ, ಮದ್ದಳೆಗೆ ಬೇಕಾದ ಗಿಡ್ಡ ಸ್ಟ್ಯಾಂಡ್ ಅಂಗಡಿಯಲ್ಲೇ ಉಳಿದಿರುತ್ತದೆ.